ಕಾರ್ಡಿನ ಹಿಂದಿನ ಯಜಮಾನರು

"ನಾಳೆ ನನ್ನ ಕ್ಲಾಸಿನಲ್ಲಿ ಒಂದೇ ಒಂದು ಮಗು ಆಕಳಿಸಿದರೂ ನನಗೆ ಬೇರೆ ಹೆಸರಿಟ್ಟು ಕರಿ!" ಎಂದು ವಿಜ್ಞಾನದ ಮೇಷ್ಟ್ರು ಭಾನುವಾರದ ಊಟದ ತಟ್ಟೆಯ ಮುಂದೆ ಘೋರ ಪ್ರತಿಜ್ಞೆ ಮಾಡಿದರು. ಪ್ರತಿಜ್ಞೆಗೆ ತೂಕ ಬರಲೆಂದು ಎಡಗೈಯಿಂದ ಮೇಜನ್ನೂ ಗುದ್ದಿದರು. ನೀರಿನ ಲೋಟ ಉರುಳಿ ಅರ್ಧ ನೀರು ಹೆಂಡತಿಯ ಮಡಿಲಿಗೆ ಹರಿಯಿತು.

"ಮೊದಲು ಇದನ್ನ ಒರೆಸಿ. ಆಮೇಲೆ ಪ್ರಪಂಚ ಗೆಲ್ಲೋರಂತೆ," ಎಂದಳು ಹೆಂಡತಿ.

ಮೇಷ್ಟ್ರ ಆವೇಶಕ್ಕೆ ಕಾರಣವಿತ್ತು. ಪರೀಕ್ಷೆ ಹತ್ತಿರ ಬಂದಿತ್ತು, ಶಾಲೆಯಲ್ಲಿ ಪುನರಾವರ್ತನೆ ನಡೆಯುತ್ತಿತ್ತು. ಅವರ ಕ್ಲಾಸಿನಲ್ಲಿ ಪುನರಾವರ್ತನೆ ಎಂದರೆ ಅವರು ಓದುವುದು, ಮಕ್ಕಳು ತೂಕಡಿಸುವುದು. ಪಕ್ಕದ ಕೋಣೆಯ ಗಣಿತದ ಮಿಸ್ ಮಾತ್ರ ದಾಳ ಉರುಳಿಸಿ ಅದೇನೋ ಆಟ ಆಡಿಸುತ್ತಿದ್ದರು. ಅಲ್ಲಿನ ಮಕ್ಕಳ ನಗು ಗೋಡೆ ತೂರಿಕೊಂಡು ಬಂದು ನೇರವಾಗಿ ಮೇಷ್ಟ್ರ ಎದೆಗೆ ನಾಟುತ್ತಿತ್ತು. ಲೆಕ್ಕ ಮಾಡುತ್ತ ಮಕ್ಕಳು ನಗುವುದೆಂದರೇನು! ಪ್ರಪಂಚದಲ್ಲಿ ನ್ಯಾಯ ನೀತಿ ಏನಾದರೂ ಉಳಿದಿದೆಯೇ!

"ಜೋಡಿ ಕಾರ್ಡು ಕಣೇ!" ಎಂದು ಮೇಷ್ಟ್ರು ನೆಲ ಒರೆಸುತ್ತಲೇ ತಮ್ಮ ಮಹಾಯೋಜನೆಯನ್ನು ಬಿಚ್ಚಿಟ್ಟರು. "ದೊಡ್ಡ ರಟ್ಟಿನ ಮೇಲೆ ಸಾಲು ಸಾಲು ಗೆರೆ ಹಾಕೋದು. ಪ್ರತಿ ಸಾಲಿನ ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಆಮೇಲೆ ಎಲ್ಲಾ ಕತ್ತರಿಸಿ ಕಲಸಿಬಿಡೋದು. ಪ್ರತಿ ಪ್ರಶ್ನೆಯೂ ತನ್ನ ಉತ್ತರವನ್ನ ಹುಡುಕಿಕೊಂಡು ಅಲೆಯುತ್ತೆ. ಹೆಣ್ಣು ಹುಡುಕೋ ಗಂಡಿನ ಥರ!"

"ಸಿಕ್ಕಮೇಲೆ ಅದರ ಮಾತು ಕೇಳುತ್ತೋ ಇಲ್ವೋ?"

ಮೇಷ್ಟ್ರು ಒರೆಸಿದ ಜಾಗವನ್ನೇ ಇನ್ನೊಮ್ಮೆ ಒರೆಸಿದರು.

ಹೆಂಡತಿಯದು ಫೋಟೋಗಳಿಗೆ ಫ್ರೇಮು ಹಾಕುವ ಅಂಗಡಿ. ಅಂಗಡಿ ಎಂದರೆ ಬೇರೆಲ್ಲೋ ಅಲ್ಲ, ಮನೆಯ ಮುಂದಿನ ಕೋಣೆಯೇ. ಮೂಲೆಯಲ್ಲಿ ಉದ್ದುದ್ದ ಮರದ ಪಟ್ಟಿಗಳು, ಕಿಟಕಿಯ ಕೆಳಗೆ ಗಾಜಿನ ಹಾಳೆಗಳು, ನಡುವೆ ಕೆಲಸದ ಮೇಜು. ಗೋಡೆಯ ತುಂಬ ಖಾಲಿ ಚೌಕಟ್ಟುಗಳು ತೂಗುತ್ತಿದ್ದವು. ಒಳಗಿದ್ದವರೆಲ್ಲ ಈಗಷ್ಟೇ ಎದ್ದು ಹೋದರೇನೋ ಅನ್ನಿಸುತ್ತಿತ್ತು. ಗಿರಾಕಿಗಳು ತಂದುಕೊಟ್ಟ ಫೋಟೋಗಳನ್ನು ಅವಳು ಗೋಡೆಗೆ ಒರಗಿಸಿಡುತ್ತಿದ್ದಳು. ಮುಖ ಗೋಡೆಯ ಕಡೆಗೆ, ಬೆನ್ನು ಕೋಣೆಯ ಕಡೆಗೆ. ಹೀಗೇಕೆಂದು ಯಾರಾದರೂ ಕೇಳಿದರೆ, "ಅಷ್ಟು ಜನ ಒಟ್ಟಿಗೆ ನೋಡ್ತಾ ಕೂತರೆ ನನಗೆ ಕೈ ಓಡೋದಿಲ್ಲ" ಎನ್ನುತ್ತಿದ್ದಳು. ಅವಳು ಹಾಗೆ ಹೇಳುವಾಗ ಕೇಳಿದವರು ಒಮ್ಮೆ ಗೋಡೆಯ ಕಡೆ ನೋಡಿ ಮಾತು ಬದಲಾಯಿಸುತ್ತಿದ್ದರು. ಮೇಷ್ಟ್ರು ಮಾತ್ರ ಇದನ್ನು ಎಂದೂ ಕೇಳಿದವರಲ್ಲ. ಹೆಂಡತಿಯ ಕೆಲಸವೆಂದರೆ ಮೊಳೆ, ಅಂಟು, ರಟ್ಟು. ಅದರಲ್ಲಿ ಕೇಳುವುದೇನಿದೆ?

ಊಟ ಮುಗಿಸಿ ಹೆಂಡತಿ ಗಾಜಿನ ವ್ಯಾಪಾರಿಯ ಬಳಿ ಹೊರಟು ನಿಂತಳು.

"ನಿನ್ನ ಹತ್ರ ದಪ್ಪ ರಟ್ಟು ಇದ್ಯಾ?" ಎಂದರು ಮೇಷ್ಟ್ರು, ಪತ್ರಿಕೆಯಿಂದ ತಲೆ ಎತ್ತದೆ.

"ಮೇಜಿನ ಕೆಳಗೆ ತುಂಡು ರಟ್ಟು ಬಿದ್ದಿದೆ, ಬೇಕಾದಷ್ಟು ತೊಗೊಳ್ಳಿ. ಗೋಡೆಗೆ ಒರಗಿಸಿರೋದನ್ನ ಮಾತ್ರ ಮುಟ್ಟಬೇಡಿ. ಕೇಳಿಸ್ತಾ?"

"ಹೂಂ."

ಈ "ಹೂಂ" ಎನ್ನುವುದು ಗಂಡಂದಿರ ಬಾಯಿಂದ ತಾನಾಗಿಯೇ ಹೊರಡುವ ಶಬ್ದ. ಅದು ಹೊರಟದ್ದು ಕಿವಿಗೆ ಗೊತ್ತಿರುವುದಿಲ್ಲ, ಮೆದುಳಿಗಂತೂ ಸುದ್ದಿಯೇ ಹೋಗಿರುವುದಿಲ್ಲ.

ಅವಳು ಹೋದ ಮೇಲೆ ಮೇಷ್ಟ್ರು ಮೇಜಿನ ಕೆಳಗೆ ಬಗ್ಗಿ ನೋಡಿದರು. ಅಲ್ಲಿದ್ದದ್ದು ಚೂರುಪಾರು ರಟ್ಟು. ಇತಿಹಾಸ ನಿರ್ಮಿಸಲು ಹೊರಟವರು ಚೂರುಪಾರಿನಲ್ಲಿ ನಿರ್ಮಿಸುತ್ತಾರೆಯೇ? ಮೇಲೆದ್ದವರ ಕಣ್ಣು ಗೋಡೆಯ ಕಡೆ ಹೊರಳಿತು. ಅಲ್ಲೊಂದು ದೊಡ್ಡ ರಟ್ಟು ನೆಟ್ಟಗೆ ಬೆನ್ನು ಮಾಡಿ ನಿಂತಿತ್ತು. ಕಂದು ಬಣ್ಣ, ಒಂದು ಕಲೆಯಿಲ್ಲ, ಒಂದು ಮಡಿಕೆಯಿಲ್ಲ. ತಿರುಗಿಸಿ ನೋಡಿದರೆ ಆಚೆ ಬದಿಗೆ ತೆಳ್ಳನೆಯ ಬಿಳಿ ಕಾಗದ ಹೊದಿಸಿತ್ತು. "ಹೊಸಾ ಮಾಲು! ಕಾಗದ ಸಹ ಬಿಚ್ಚಿಲ್ಲ!" ಎಂದು ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಆ ಕಾಗದವನ್ನು ಅಲ್ಲಲ್ಲಿ ಒಂದು ಚೂರು ಅಂಟಿನಿಂದಷ್ಟೇ ನಿಲ್ಲಿಸಿದೆ ಎಂಬುದು ಅವರ ಗಮನಕ್ಕೆ ಬರಲಿಲ್ಲ. ಅದರ ಹಿಂದೆ ಏನಾದರೂ ಇರಬಹುದೆಂದು ಅವರಿಗೆ ಹೊಳೆಯಲೂ ಇಲ್ಲ.

ಕಂದು ಬದಿಯಲ್ಲಿ ಗೆರೆ ಹಾಕಿ, ಪ್ರಶ್ನೆಗಳಿಗೆ ಸಂಖ್ಯೆ ಕೊಟ್ಟು, ಎದುರಿಗೆ ಉತ್ತರ ಬರೆದರು. ಪುಸ್ತಕ ತೆರೆದು ನೋಡುವ ಗೋಜಿಗೆ ಹೋಗಲಿಲ್ಲ. ಇಷ್ಟು ವರ್ಷ ಪಾಠ ಮಾಡಿದವರಿಗೆ ಪುಸ್ತಕವೇ!

ಆಮೇಲೆ ಹೆಂಡತಿಯ ಚಾಕು ಹಿಡಿದು ಕತ್ತರಿಸಲು ಕೂತರು. ಮಧ್ಯಾಹ್ನದ ಬೀದಿಯಲ್ಲಿ ಒಂದು ಸೈಕಲ್ಲಿನ ಸದ್ದೂ ಇರಲಿಲ್ಲ. ಚಾಕು ಮೊದಲು ಸರಾಗವಾಗಿ ಹೋಯಿತು. ರಟ್ಟಿನ ನಡುಭಾಗಕ್ಕೆ ಬಂದಾಗ ಯಾಕೋ ಭಾರವಾಯಿತು. ಯಾರೋ ಮೆಲ್ಲಗೆ ಉಸಿರೆಳೆದುಕೊಂಡಂಥ ಸದ್ದು. ಮೇಷ್ಟ್ರು ತಟ್ಟನೆ ತಿರುಗಿದರು. ಖಾಲಿ ಚೌಕಟ್ಟುಗಳು ಸುಮ್ಮನೆ ತೂಗುತ್ತಿದ್ದವು. "ಕಾಗದ ಹರಿದ ಸದ್ದು" ಎಂದು ತಮಗೆ ತಾವೇ ವೈಜ್ಞಾನಿಕ ಸಮಾಧಾನ ಹೇಳಿಕೊಂಡರು. ಚಾಕುವಿನ ಅಲಗಿನಲ್ಲಿ ನಸುಗೆಂಪು ಬಣ್ಣ ಅಂಟಿತ್ತು. "ತುಕ್ಕಿರಬೇಕು" ಎಂದು ಪಂಚೆಯ ಅಂಚಿಗೆ ಒರೆಸಿಕೊಂಡರು. ಆದರೂ ಕುತ್ತಿಗೆಯ ಹಿಂದೆ ಯಾರೋ ನೋಡುತ್ತಿದ್ದಾರೆ ಅನ್ನುವ ಕಚಗುಳಿ ಹೋಗಲಿಲ್ಲ. ಉಳಿದದ್ದನ್ನು ಸಿಳ್ಳೆ ಹಾಕುತ್ತ ಕತ್ತರಿಸಿದರು. ಸಿಳ್ಳೆ ರಾಗವಾಗಿರಲಿಲ್ಲ, ಬರೀ ಧೈರ್ಯವಾಗಿತ್ತು.

ಮರುದಿನ ಬೆಳಗಿನಿಂದಲೇ ಮೋಡ. ಕ್ಲಾಸಿನಲ್ಲಿ ಕರೆಂಟೂ ಇರಲಿಲ್ಲ. ಮೇಷ್ಟ್ರು ಕಾರ್ಡು ತುಂಬಿ ತಂದಿದ್ದ ಬಿಸ್ಕತ್ತಿನ ಡಬ್ಬ ತೆರೆದು, ಅವನ್ನು ಚೆನ್ನಾಗಿ ಕಲಸಿ, ಬೆಂಚು ಬೆಂಚಿಗೆ ಹಂಚಿದರು. "ಜೋಡಿ ಹುಡುಕಿ! ಬೇರೆ ಬೆಂಚಿನವರ ಹತ್ರ ಓಡಾಡಿ! ಮಾತಾಡಿ! ನಗಿ!" ಎಂದು ಕೊನೆಯದನ್ನು ಗೋಡೆಯಾಚೆಗೂ ಕೇಳುವಂತೆ ಕೂಗಿದರು.

ಮಕ್ಕಳು ಗಲಗಲ ಎದ್ದವು. ಮೇಷ್ಟ್ರು ಕಣ್ಣು ಮುಚ್ಚಿ ಆ ಗದ್ದಲವನ್ನು ಸವಿದರು. ಆಹಾ, ಇದಲ್ಲವೇ ಶಿಕ್ಷಣ!

ಸವಿಯುತ್ತಿದ್ದಂತೆ ಗದ್ದಲ ಕಡಿಮೆಯಾಯಿತು. ಒಂದು ಬೆಂಚು ಸುಮ್ಮನಾಯಿತು. ಆಮೇಲೆ ಅದರ ಪಕ್ಕದ್ದು. ದೀಪ ಒಂದೊಂದಾಗಿ ಆರಿದ ಹಾಗೆ ಇಡೀ ಕ್ಲಾಸೇ ಮೌನವಾಯಿತು. ಮೇಷ್ಟ್ರು ಕಣ್ಣು ಬಿಟ್ಟರು.

ಮುಂದಿನ ಬೆಂಚಿನಲ್ಲಿ ದಪ್ಪ ಕನ್ನಡಕದ ಹುಡುಗಿಯೊಬ್ಬಳು ಕೂರುತ್ತಿದ್ದಳು. ಎಲ್ಲದಕ್ಕೂ ವಾದ ಹೂಡುವ ಅವಳಿಗೆ ಮೇಷ್ಟ್ರೇ ಲಾಯರಮ್ಮ ಎಂದು ಹೆಸರಿಟ್ಟಿದ್ದರು. ಅಂಥವಳೂ ಈಗ ಪಿಸುಗುಟ್ಟಿದಳು.

"ಸಾರ್, ನಮ್ಮ ಕಾರ್ಡು ನಮ್ಮನ್ನ ನೋಡ್ತಾ ಇದೆ."

"ಕಾರ್ಡು ನೋಡೋದಲ್ಲ, ನೀವು ಕಾರ್ಡು ನೋಡಬೇಕು!"

"ನಾವು ನೋಡೋಕೆ ಮುಂಚೆನೇ ಅದು ನೋಡ್ತಿತ್ತು ಸಾರ್."

ಮೇಷ್ಟ್ರು ಹತ್ತಿರ ಹೋದರು. ಕಾರ್ಡಿನ ಬೆನ್ನಿಗಿದ್ದ ಬಿಳಿ ಕಾಗದ ಕಳಚಿ ನೆಲಕ್ಕೆ ಬಿದ್ದಿತ್ತು. ಅದು ಇದ್ದ ಜಾಗದಲ್ಲಿ ಒಂದು ಕಣ್ಣು. ರೆಪ್ಪೆ ಭಾರವಾದ, ಒದ್ದೆಯಾಗಿ ಹೊಳೆಯುವ, ಒಬ್ಬ ವಯಸ್ಸಾದ ಗಂಡಸಿನ ಕಣ್ಣು. ಮೇಷ್ಟ್ರು ಎಡಕ್ಕೆ ಸರಿದರು, ಕಣ್ಣು ಎಡಕ್ಕೆ ನೋಡಿತು. ಬಲಕ್ಕೆ ಸರಿದರು, ಬಲಕ್ಕೆ ನೋಡಿತು.

"ಸಾರ್, ನಮ್ಮದರಲ್ಲಿ ಕಿವಿ ಇದೆ!" ಎಂದಿತು ಇನ್ನೊಂದು ಬೆಂಚು.

"ನಮ್ಮದರಲ್ಲಿ ಕೋಟಿನ ಗುಂಡಿ!"

"ನಮ್ಮದರಲ್ಲಿ ಬೆರಳು ಸಾರ್. ಉಗುರು ಸಮೇತ."

ಹಿಂದಿನ ಬೆಂಚಿನವನೊಬ್ಬ ಕೈ ಎತ್ತಿದ. ಅವನ ಕಾರ್ಡಿನಲ್ಲಿ ಅರ್ಧ ಬಾಯಿ ಇತ್ತು. ತುಟಿ ಬಿಗಿದುಕೊಂಡು, ಅಂಚು ಕೆಳಕ್ಕೆ ಜೋತು, ಯಾರನ್ನೋ ಬೈಯಲು ಹೊರಟು ಅರ್ಧಕ್ಕೆ ನಿಂತಂತಿತ್ತು. ಅವನ ಪಕ್ಕದವಳು ಇನ್ನೂ ಧೈರ್ಯವಂತೆ. ತನ್ನ ಕಾರ್ಡಿನಲ್ಲಿ ಮೂಗಿನ ಹೊಳ್ಳೆ ಕಂಡ ಕೂಡಲೇ ಅದನ್ನು ಕಿಟಕಿಯಿಂದ ಆಚೆ ಎಸೆದುಬಿಟ್ಟಿದ್ದಳು.

ಆಗ ಮೇಷ್ಟ್ರ ಜೇಬು ನಡುಗಿತು. ಮೇಷ್ಟ್ರೂ ಜೊತೆಗೆ ನಡುಗಿದರು. ಫೋನು. ಹೆಂಡತಿ.

"ರೀ, ಯಜಮಾನರು ಎಲ್ಲಿ?"

"ಯಾವ ಯಜಮಾನರು? ನಾನೇ ಅಲ್ವೇನೇ?"

"ನೀವಲ್ಲ. ಮೂಲೆ ಮನೆ ಅಜ್ಜಿಯ ಯಜಮಾನರು. ಗೋಡೆ ಕಡೆ ಮುಖ ಮಾಡ್ಕೊಂಡು ನಿಂತಿದ್ರಲ್ಲ? ಈಗ ಜಾಗ ಖಾಲಿ ಇದೆ."

ಮೇಷ್ಟ್ರು ಕಾರ್ಡಿನ ಕಡೆ ಕಳ್ಳನೋಟ ಬೀರಿದರು. "ಅವರು... ಕೋಟು ಹಾಕ್ಕೊಂಡಿದ್ರಾ?"

"ಹೂಂ, ಕಂದು ಕೋಟು. ನೋಡಿದ್ರಾ ನೀವು?"

"ಅವರೂ ನನ್ನನ್ನ ನೋಡ್ತಾ ಇದ್ದಾರೆ."

"ಹಾಗಂದ್ರೇನ್ರೀ? ಎಲ್ಲಿದ್ದಾರೆ?"

"ಎಲ್ಲಾ ಬೆಂಚಿನಲ್ಲೂ ಇದ್ದಾರೆ ಕಣೇ."

ಹೆಂಡತಿ ಕೂಗಾಡಿದ್ದರೆ ಮೇಷ್ಟ್ರಿಗೆ ಎಷ್ಟೋ ಹಾಯೆನಿಸುತ್ತಿತ್ತು. ಅವಳು ತಗ್ಗಿದ ದನಿಯಲ್ಲಿ ಹೇಳತೊಡಗಿದಳು.

"ಆ ಫೋಟೋ ಒಂದೇ ಇರೋದು ರೀ. ಕೈಯಲ್ಲಿ ಬಣ್ಣ ಹಾಕಿದ ಹಳೇ ಫೋಟೋ. ತೆಗೆದವನೂ ಇಲ್ಲ, ಅವನ ಸ್ಟುಡಿಯೋನೂ ಇಲ್ಲ. ಇಷ್ಟು ವರ್ಷ ಪೆಟ್ಟಿಗೆಯಲ್ಲಿ ಇಟ್ಟಿದ್ರಂತೆ. ಮೊನ್ನೆ ಬೆಳಿಗ್ಗೆ ಎದ್ದಾಗ ಗಂಡನ ಮುಖ ಜ್ಞಾಪಕಕ್ಕೇ ಬರಲಿಲ್ಲವಂತೆ. ಎಷ್ಟು ಯೋಚನೆ ಮಾಡಿದರೂ ಬರಲಿಲ್ಲವಂತೆ. ಹೆದರಿಕೊಂಡು ಓಡಿ ಬಂದು ನನ್ನ ಕೈಗೆ ಕೊಟ್ಟರು. ಕಣ್ಣೆದುರಿಗೆ ಇರೋ ಹಾಗೆ ಗೋಡೆಗೆ ಹಾಕಿಸಿಕೊಡಮ್ಮ, ಮರೆತುಹೋಗ್ತಿದ್ದಾರೆ ಅಂದ್ರು. ಇವತ್ತು ಸಂಜೆ ಬರ್ತಾರೆ. ನಾನೇನು ಹೇಳಲಿ?"

ಮೇಷ್ಟ್ರು ಆ ಕಣ್ಣಿನ ಕಡೆ ನೋಡಿದರು. ಇಷ್ಟು ಹೊತ್ತು ಅವರಿಗೆ ಆಗಿದ್ದದ್ದು ಭಯ. ಈಗ ಅದಕ್ಕಿಂತ ಕೆಟ್ಟದ್ದೊಂದು ಹೊಳೆಯಿತು. ಒಬ್ಬ ಮುದುಕಿಯ ಬಳಿ ಉಳಿದಿದ್ದ ಒಂದೇ ಒಂದು ಮುಖವನ್ನು ತಾನು ಸಿಳ್ಳೆ ಹಾಕುತ್ತ ತುಂಡು ತುಂಡು ಮಾಡಿದ್ದೇನೆ! ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು, ದುಃಖವೂ ಆಯಿತು.

"ಸಂಜೆ ಒಳಗೆ ಅವರನ್ನ ಕರ್ಕೊಂಡು ಬರ್ತೀನಿ," ಎಂದರು.

"ಪೂರ್ತಿಯಾಗಿ ಕರ್ಕೊಂಡು ಬನ್ನಿ," ಎಂದು ಅವಳು ಫೋನಿಟ್ಟಳು.

ಮೇಷ್ಟ್ರು ಸೇನಾಧಿಪತಿಯಂತೆ ಮೇಜು ಗುದ್ದಿದರು. ಮೊದಲ ದಂಡು ಕಿಟಕಿಯಾಚೆ ಮೂಗು ಹುಡುಕಲು ಹೊರಟಿತು. ಅದು ಬೇಲಿಯ ಗಿಡದಲ್ಲಿ ಸಿಕ್ಕಿಕೊಂಡು, ಹೊಳ್ಳೆ ಅರಳಿಸಿ, ಎಲೆಗಳ ವಾಸನೆ ನೋಡುತ್ತಿತ್ತಂತೆ. ತಂದ ಹುಡುಗ ಅದನ್ನು ಎರಡು ಕಡ್ಡಿಗಳ ನಡುವೆ ಹಿಡಿದುಕೊಂಡು ಬಂದ. ಗೋಡೆಯಲ್ಲಿದ್ದ ಜೀರ್ಣಾಂಗಗಳ ಚಾರ್ಟು ಕೆಳಗಿಳಿಯಿತು. ಅದರ ದಪ್ಪ ಹಿಂಬದಿಯ ಮೇಲೆ ಯಜಮಾನರ ಪುನರ್ಜನ್ಮ ಎಂದು ತೀರ್ಮಾನವಾಯಿತು.

ಮಕ್ಕಳಿಗೆ ಆ ಮುಖದ ಚೂರುಗಳನ್ನು ಮುಟ್ಟಲೂ ಹೆದರಿಕೆ. "ಯಾರೂ ಮುಖ ನೋಡಬೇಡಿ!" ಎಂದು ಮೇಷ್ಟ್ರು ಅಭಯವಿತ್ತರು. "ಮಗುಚಿ ಹಾಕಿ, ಪ್ರಶ್ನೆ ಮಾತ್ರ ನೋಡಿ. ಪ್ರಶ್ನೆಗೆ ಸರಿಯಾದ ಉತ್ತರ ಸೇರಿಸಿ, ಸಂಖ್ಯೆ ಪ್ರಕಾರ ಜೋಡಿ ಜೋಡಿಯಾಗಿ ತಿರುಗಿಸಿ ಅಂಟಿಸಿ. ಉತ್ತರ ಸರಿಯಾಗಿದ್ದರೆ ಮುಖ ತಾನಾಗೇ ಸರಿಯಾಗುತ್ತೆ. ವಿಜ್ಞಾನ ಯಾವತ್ತೂ ಮೋಸ ಮಾಡೋದಿಲ್ಲ!"

ಆ ಕ್ಲಾಸಿನಲ್ಲಿ ಅಂಥ ಪುನರಾವರ್ತನೆ ಹಿಂದೆಂದೂ ನಡೆದಿರಲಿಲ್ಲ. ಯಾರೂ ಆಕಳಿಸಲಿಲ್ಲ. ಯಾರೂ ನಗಲಿಲ್ಲ. "ಸಸ್ಯಗಳು ಆಹಾರ ತಯಾರಿಸುವ ಕ್ರಿಯೆ" ಎಂದು ಒಬ್ಬಳು ನಡುಗುವ ದನಿಯಲ್ಲಿ ಓದಿದರೆ, "ದ್ಯುತಿಸಂಶ್ಲೇಷಣೆ" ಎಂದು ಇನ್ನೊಂದು ಮೂಲೆಯಿಂದ ಪಿಸುಮಾತು ಬರುತ್ತಿತ್ತು. ಕೂದಲು ಬಂತು. ಹಣೆ ಬಂತು. ಮಧ್ಯೆ ಜಾಗ ಬಿಟ್ಟು ಮೂಗು ಬಂತು. ಕತ್ತು, ಕೋಟು, ಗುಂಡಿ, ಕುರ್ಚಿಯ ಕೈ ಹಿಡಿದ ಬೆರಳುಗಳು. ಮಬ್ಬು ಬೆಳಕಿನಲ್ಲಿ ಒಬ್ಬ ಮನುಷ್ಯ ಮೇಜಿನ ಮೇಲೆ ಸ್ವಲ್ಪ ಸ್ವಲ್ಪವಾಗಿ ಮೇಲೇಳುತ್ತಿದ್ದ. ಕಡೆಗೆ ಉಳಿದದ್ದು ಎರಡೇ ಸಾಲು. ಲಾಯರಮ್ಮ ತುಟಿ ಕಚ್ಚಿಕೊಂಡು, ಉತ್ತರ ಹೊಂದಿಸಿ, ಅಂಟು ಹಚ್ಚಿ, ಎರಡನ್ನೂ ಜಾಗಕ್ಕೆ ಕೂರಿಸಿದಳು.

ಎಲ್ಲರೂ ಬಗ್ಗಿ ನೋಡಿದರು. ಎಲ್ಲರೂ ಒಟ್ಟಿಗೆ ಹಿಂದಕ್ಕೆ ಸರಿದರು.

ಹಣೆಯ ಕೆಳಗೆ ಒಂದು ಕಣ್ಣು. ಅದರ ಪಕ್ಕದಲ್ಲಿ, ಇನ್ನೊಂದು ಕಣ್ಣು ಇರಬೇಕಾದ ಕಡೆ, ಅರ್ಧ ಬಾಯಿ. ಮೂಗಿನ ಕೆಳಗೆ ಇನ್ನರ್ಧ ಬಾಯಿ. ಅದರ ಪಕ್ಕದಲ್ಲಿ, ಗಲ್ಲದ ಹತ್ತಿರ, ಇನ್ನೊಂದು ಕಣ್ಣು. ಅದು ಮೇಷ್ಟ್ರನ್ನೇ ನೋಡುತ್ತಿತ್ತು.

ಅದೇ ಹೊತ್ತಿಗೆ ಬಾಗಿಲು ಕಿರ್ರೆಂದಿತು. "ಏನ್ ಸಾರ್, ನಿಮ್ಮ ಕ್ಲಾಸು ಇವತ್ತು ಇಷ್ಟೊಂದು ನಿಶ್ಶಬ್ದ?" ಎನ್ನುತ್ತ ಗಣಿತದ ಮಿಸ್ ಒಳಗೆ ಬಂದರು. ಮೇಜಿನ ಮೇಲೆ ಮಲಗಿದ್ದವರನ್ನು ಕಂಡರು. ಕೈಯಲ್ಲಿದ್ದ ದಾಳ ಅಲ್ಲೇ ಬಿತ್ತು, ಮಿಸ್ ಮಾತ್ರ ಅಲ್ಲಿರಲಿಲ್ಲ. ಅವರ ಕಿರುಚಾಟ ಮೊಗಸಾಲೆಯ ತುದಿಯವರೆಗೂ ಕೇಳಿಸಿತು. ಬೇರೆ ದಿನವಾಗಿದ್ದರೆ ಮೇಷ್ಟ್ರು ಇದನ್ನು ತಮ್ಮ ಜೀವಮಾನದ ವಿಜಯವೆಂದು ಕೊಂಡಾಡಿಕೊಳ್ಳುತ್ತಿದ್ದರು.

"ಉತ್ತರ ತಪ್ಪು ಹಾಕಿದ್ದೀರಿ!" ಎಂದು ಅವರು ಮಕ್ಕಳ ಮೇಲೆ ಹಾರಿಬಿದ್ದರು. "ಓದೋದಿಲ್ಲ, ಬರೆಯೋದಿಲ್ಲ, ಈಗ ನೋಡಿ! ಪಾಪ, ಒಬ್ಬ ಹಿರಿಯರ ಕಣ್ಣು ಗಲ್ಲಕ್ಕೆ ಬಂತು!"

"ನಾವು ಪುಸ್ತಕ ನೋಡೇ ಸೇರಿಸಿದ್ದು ಸಾರ್," ಎಂದಳು ಲಾಯರಮ್ಮ. "ಸಮೀಪದೃಷ್ಟಿ ದೋಷಕ್ಕೆ ನಿಮ್ನ ಮಸೂರ. ದೂರದೃಷ್ಟಿ ದೋಷಕ್ಕೆ ಪೀನ ಮಸೂರ."

"ತಪ್ಪು! ಅದಲುಬದಲು! ಸಮೀಪದ ಎದುರಿಗೆ ನಾನು ಬರೆದದ್ದು ಪೀನ!"

ಲಾಯರಮ್ಮ ಮೂಗಿನ ಮೇಲಿದ್ದ ಕನ್ನಡಕ ತೆಗೆದು ಮೇಷ್ಟ್ರ ಕೈಗೆ ಕೊಟ್ಟಳು. "ನನಗಿರೋದೇ ಸಮೀಪದೃಷ್ಟಿ ದೋಷ ಸಾರ್. ಮುಟ್ಟಿ ನೋಡಿ. ಮಧ್ಯೆ ತೆಳ್ಳಗಿದೆ, ಅಂಚು ದಪ್ಪ. ಇದಕ್ಕೆ ನಿಮ್ನ ಅಂತ ನೀವೇ ಪಾಠ ಮಾಡಿದ್ದು."

ಮೇಷ್ಟ್ರು ಮುಟ್ಟಿ ನೋಡಿದರು. ತೆಳ್ಳಗೇ ಇತ್ತು.

"ಸಾರ್," ಎಂದು ಲಾಯರಮ್ಮ ಬರಿಗಣ್ಣನ್ನು ಕಿರಿದು ಮಾಡಿಕೊಂಡು ಕೇಳಿದಳು, "ಉತ್ತರ ಸರಿಯಾದ್ರೆ ಇವರ ಕಣ್ಣು ತಪ್ಪಾಗುತ್ತೆ. ಕಣ್ಣು ಸರಿ ಮಾಡಿದ್ರೆ ಉತ್ತರ ತಪ್ಪಾಗುತ್ತೆ. ಪರೀಕ್ಷೆಗೆ ಯಾವುದು ಬರೀಬೇಕು?"

ಮೇಷ್ಟ್ರು ಇಂಗು ತಿಂದ ಮಂಗನಂತೆ ನಿಂತರು. ಇಡೀ ಕ್ಲಾಸು ಅವರನ್ನು ನೋಡುತ್ತಿತ್ತು. ಗಲ್ಲದ ಕಣ್ಣು ಕೂಡ.

"ಪರೀಕ್ಷೆಗೆ ನೀನು ಹೇಳಿದ್ದು ಬರಿ," ಎಂದರು ಕೊನೆಗೆ. "ನಾನು ಬರೆದದ್ದು ತಪ್ಪು. ಇವರಿಗೆ ಮಾತ್ರ ನನ್ನ ತಪ್ಪೇ ಸರಿ."

ಅಂಟು ಇನ್ನೂ ಹಸಿಯಾಗಿತ್ತು. ಮೇಷ್ಟ್ರು ಉಸಿರು ಬಿಗಿಹಿಡಿದು ಗಲ್ಲದಿಂದ ಕಣ್ಣನ್ನು ಬಿಡಿಸಿ ಮೇಲಕ್ಕೆ ತಂದರು, ಮೇಲಿನಿಂದ ಅರ್ಧ ಬಾಯಿಯನ್ನು ಬಿಡಿಸಿ ಕೆಳಕ್ಕೆ ತಂದರು. ಮುಟ್ಟಿದರೆ ತುಟಿ ಬೆಚ್ಚಗಿದ್ದಂತೆ ಅವರಿಗೆ ಭಾಸವಾಯಿತು. ಹೇಗೋ ಕೂರಿಸಿ, ಅಂಗೈಯಿಂದ ಒತ್ತಿ ಹಿಡಿದು, ಕಣ್ಣು ಮುಚ್ಚಿಕೊಂಡರು. ಬಿಟ್ಟಾಗ ಯಜಮಾನರು ಒಂದೇ ಮುಖವಾಗಿ ಅವರ ಕೈ ಕೆಳಗೆ ಇದ್ದರು. ಕ್ಲಾಸಿಗೆ ಕ್ಲಾಸೇ ಉಸಿರು ಬಿಟ್ಟಿತು.

ಕೊನೆಯ ಗಂಟೆ ಬಾರಿಸುತ್ತಲೇ ಮೇಷ್ಟ್ರು ಚಾರ್ಟನ್ನು ಎದೆಗೆ ಅವುಚಿಕೊಂಡು ಮನೆಯ ದಾರಿ ಹಿಡಿದರು. ಯಜಮಾನರ ಮುಖ ಮೇಷ್ಟ್ರ ಅಂಗಿಗೆ ತಾಗಿತ್ತು, ಜೀರ್ಣಾಂಗಗಳು ಬೀದಿಯ ಕಡೆಗಿದ್ದವು. ಎದುರಿಗೆ ಬಂದವರು ಒಮ್ಮೆ ಆ ಕರುಳನ್ನೂ ಒಮ್ಮೆ ಮೇಷ್ಟ್ರ ಮುಖವನ್ನೂ ನೋಡಿ ದಾರಿ ಬಿಡುತ್ತಿದ್ದರು. ಮೇಷ್ಟ್ರಿಗೆ ಅದರ ಪರಿವೆಯಿರಲಿಲ್ಲ. ಅಂಗಿಯೊಳಗೆ ಯಾರೋ ಕಿವಿಯಿಟ್ಟು ತಮ್ಮ ಎದೆಬಡಿತ ಕೇಳುತ್ತಿದ್ದಾರೆ ಅನ್ನಿಸಿ ಅವರು ಹೆಚ್ಚುಕಡಿಮೆ ಓಡುತ್ತಿದ್ದರು.

ಹೆಂಡತಿ ಅಂಗಡಿಯಲ್ಲಿ ಎಲ್ಲ ಸಿದ್ಧ ಮಾಡಿಕೊಂಡು ಕೂತಿದ್ದಳು. ಬೈಗುಳಕ್ಕೆ ಹೊತ್ತಿರಲಿಲ್ಲ. ಚಾರ್ಟನ್ನು ಮೇಜಿನ ಮೇಲೆ ಹರಡಿ, ಸುತ್ತಲಿನದನ್ನು ಕತ್ತರಿಸಿ, ಸಣ್ಣ ಕುಂಚದಿಂದ ಸೀಳಿನ ಗೆರೆಗಳಿಗೆ ಬಣ್ಣ ತುಂಬತೊಡಗಿದಳು. ಬಾಯಿಯ ಬಳಿ ಬಂದಾಗ ಅವಳ ಕೈ ನಿಂತಿತು.

"ರೀ, ಇವರು ನಿನ್ನೆ ಹೀಗಿರಲಿಲ್ಲ."

"ತುಂಡಾಗಿರಲಿಲ್ಲ ಅಂತೀಯಾ?"

"ಅದಲ್ಲ. ಬೇರೆ ಏನೋ ಆಗಿದೆ ಇವರಿಗೆ." ಅವಳು ಬಗ್ಗಿ, ಹತ್ತಿರದಿಂದ ನೋಡಿದಳು. "ಈ ತುಟಿ ತುಂಡು ಸೊಟ್ಟಗೆ ಕೂತಿದೆ. ಕೂದಲೆಳೆಯಷ್ಟು ಮೇಲಕ್ಕೆ ಹೋಗಿದೆ."

"ಕಿತ್ತು ಸರಿ ಮಾಡು ಮತ್ತೆ!"

ಅವಳು ಉಗುರಿನಿಂದ ಅಂಚನ್ನು ಮೀಟಿ ನೋಡಿ ತಲೆಯಾಡಿಸಿದಳು. "ಅಂಟು ಒಣಗಿಹೋಗಿದೆ. ಎಳೆದರೆ ತುಟಿ ಹರಿಯುತ್ತೆ. ಹೀಗೇ ಬಿಡಬೇಕು."

ಗಾಜು ಕೂತಿತು, ಚೌಕಟ್ಟು ಕೂತಿತು. ಕೊನೆಯ ಮೊಳೆ ಹೊಡೆಯುವ ಹೊತ್ತಿಗೆ ಬಾಗಿಲಲ್ಲಿ ಊರುಗೋಲಿನ ಸದ್ದು. ಮೂಲೆ ಮನೆಯ ಅಜ್ಜಿ ಒಳಗೆ ಬಂದು ಕುರ್ಚಿಯ ಮೇಲೆ ಕೂತು, "ಎಲ್ಲಿ, ತೋರಿಸಮ್ಮ," ಎಂದರು.

ಮೇಷ್ಟ್ರು ಮುಂದೆ ಬಂದರು. "ತೋರಿಸೋಕೆ ಮುಂಚೆ ಒಂದು ಮಾತು ಅಜ್ಜಿ. ನಿಮ್ಮ ಯಜಮಾನರನ್ನ ನಾನು ಕತ್ತರಿಸಿಬಿಟ್ಟೆ. ಬರೀ ರಟ್ಟು ಅಂದ್ಕೊಂಡಿದ್ದೆ. ಜೋಡಿಸಿದ್ದೀವಿ, ಆದರೂ ಗೆರೆ ಕಾಣಿಸುತ್ತೆ. ಏನು ಬೈದರೂ ಬೈಸಿಕೊಳ್ತೀನಿ."

ಅಜ್ಜಿ ಅವರನ್ನೇ ನೋಡುತ್ತ ಕೈ ಚಾಚಿದರು. ಹೆಂಡತಿ ಫೋಟೋವನ್ನು ಅವರ ತೊಡೆಯ ಮೇಲಿಟ್ಟಳು. ಅಜ್ಜಿ ಬಗ್ಗಿದರು. ಗಾಜಿನ ಮೇಲೆ ಬೆರಳಾಡಿಸಿದರು, ಹಣೆಯಿಂದ ಕಣ್ಣಿಗೆ, ಕಣ್ಣಿನಿಂದ ಬಾಯಿಗೆ. ಅಲ್ಲಿ ಬೆರಳು ನಿಂತಿತು. ಗೋಡೆಗೆ ಮುಖ ಮಾಡಿ ನಿಂತವರೆಲ್ಲ ಕಿವಿ ನಿಮಿರಿಸಿಕೊಂಡಿದ್ದಾರೆ ಅನ್ನಿಸಿ ಮೇಷ್ಟ್ರ ಮೈ ಜುಮ್ಮೆಂದಿತು.

"ನಗ್ತಾ ಇದ್ದಾರೆ," ಎಂದರು ಅಜ್ಜಿ.

ಗಂಡ ಹೆಂಡತಿ ಇಬ್ಬರೂ ಬಗ್ಗಿ ನೋಡಿದರು. ನಿಜ. ಸೊಟ್ಟಗೆ ಕೂತ ಆ ಅರ್ಧ ತುಟಿ ಯಜಮಾನರ ಬಿಗಿದ ಬಾಯಿಯ ಒಂದು ಅಂಚನ್ನು ಮೇಲಕ್ಕೆತ್ತಿತ್ತು. ಯಾರಿಗೂ ಗೊತ್ತಾಗದ ಹಾಗೆ ಒಳಗೊಳಗೇ ನಗುವವರ ನಗು.

"ಇಷ್ಟು ವರ್ಷ ಸಂಸಾರ ಮಾಡಿದೆ," ಎಂದರು ಅಜ್ಜಿ. "ಒಳ್ಳೆಯವರೇ. ಒಂದು ದಿನ ಕೈ ಎತ್ತಲಿಲ್ಲ, ಒಂದು ಕೆಟ್ಟ ಮಾತು ಆಡಲಿಲ್ಲ. ಆದರೆ ನಗಲಿಲ್ಲ. ನನ್ನ ಅಡುಗೆಗೆ ನಗಲಿಲ್ಲ, ನನ್ನ ಮಾತಿಗೆ ನಗಲಿಲ್ಲ, ಮಗು ಹುಟ್ಟಿದಾಗಲೂ ನಗಲಿಲ್ಲ. ಈಗ ನಗ್ತಾರೆ, ಆಗ ನಗ್ತಾರೆ ಅಂತ ನಾನು ಕಾದಿದ್ದೇ ಕಾದಿದ್ದು. ಹೋಗೇಬಿಟ್ಟರು." ಅವರ ಕಣ್ಣಿನಿಂದ ನೀರು ಗಾಜಿನ ಮೇಲೆ ಬಿತ್ತು. ಸೆರಗಿನಿಂದ ಒರೆಸಿದರು. "ಅವತ್ತು ಬೆಳಿಗ್ಗೆ ನಾನು ಮರೆತ ಮುಖ ಇದಲ್ಲ. ಅದು ಮರೆತುಹೋದರೆ ಹೋಗಲಿ. ಇನ್ನು ಮೇಲೆ ನನಗೆ ಇದೇ ನೆನಪಿರಲಿ."

ಹೆಂಡತಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ಯಾರು ಅಂಟಿಸಿದ್ದು ಇದನ್ನ?" ಎಂದು ಕೇಳಿದರು ಅಜ್ಜಿ.

ಹೆಂಡತಿ ಗಂಡನ ಕಡೆ ಬೆರಳು ತೋರಿಸಿದಳು. ಅಷ್ಟೇ ಸಾಕಾಯಿತು! ಬೆಳಗಿನಿಂದ ಗಾಳಿ ಹೋದ ಚೆಂಡಿನಂತಿದ್ದ ಮೇಷ್ಟ್ರು ಉಬ್ಬಿದರು. ಬೆನ್ನು ನೆಟ್ಟಗಾಯಿತು, ಕೈ ತಾನಾಗಿ ಮೀಸೆಯ ಕಡೆ ಹೋಯಿತು. "ಅದೇನಿಲ್ಲ ಅಜ್ಜಿ," ಎಂದು ಗಂಟಲು ಸರಿಮಾಡಿಕೊಂಡರು. "ಕೈ ಪಳಗಿರಬೇಕು. ಎಷ್ಟಾದರೂ ವಿಜ್ಞಾನ ಓದಿದವರ..."

ಅಜ್ಜಿ ಎದ್ದು, ಫೋಟೋವನ್ನು ಕಂಕುಳಲ್ಲಿ ಸೇರಿಸಿಕೊಂಡು, ಬಾಗಿಲ ಬಳಿ ನಿಂತು ತಿರುಗಿದರು.

"ನಮ್ಮತ್ತೇದೂ ಒಂದು ಫೋಟೋ ಇದೆಯಪ್ಪ. ಮುಖ ಗಂಟು ಹಾಕ್ಕೊಂಡು ಕೂತಿದ್ದಾರೆ. ನಾಳೆ ತಂದುಕೊಡ್ತೀನಿ, ಅವರನ್ನೂ ಒಂದು ಸಲ ತುಂಡು ಮಾಡಿಬಿಡು. ಜೋಡಿಸೋದೂ ನೀನೇ ಜೋಡಿಸಪ್ಪ, ನಿನ್ನ ಹೆಂಡತಿ ಕೈಗೆ ಮಾತ್ರ ಕೊಡಬೇಡ. ಅವಳು ಸರಿಯಾಗಿ ಮಾಡಿಬಿಡ್ತಾಳೆ!"